ಎಡಪಕ್ಕೆಯ ಮಣ್ಣು

ಕ್ವಿನೈನು ಕುಡಿದು ಕಲ್ಲುಕಿವುಡನಾಗಬಹುದಿತ್ತು. ಕುಡಿಯದೆ ಸಾಯಬಹುದಿತ್ತು. ಜ್ವರ ತಲೆಗೇರಿ, ಹುಡುಗರಿಗೆ ಮಗ್ಗಿ ಹೇಳಿಕೊಡುತ್ತಿರುವಾಗಲೇ ನನ್ನ ಹೆಸರು ನನಗೇ ಮರೆತುಹೋಗಬಹುದಿತ್ತು. ಎಡಪಕ್ಕೆಯಲ್ಲಿ ಬೆಳೆದಿದ್ದ ಜ್ವರಗಡ್ಡೆಗೆ ಯಾವನೋ ಹೊಡೆದ ಚಿಣ್ಣಿ ಬಂದು ಬಡಿದು ಗಡ್ಡೆ ಒಡೆಯಬಹುದಿತ್ತು. ಹನಕೆರೆ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಚಳಿ ಬಂದು ಕಾಲು ಜಾರಬಹುದಿತ್ತು. ಆಸ್ಪತ್ರೆಯ ಕಾಂಪೌಂಡರು ನನ್ನ ಬಾಟಲಿಗೆ ಬೇರೆಯವರ ಔಷಧಿ ಸುರಿಯಬಹುದಿತ್ತು. ಹಲಗೂರಿನಲ್ಲಿದ್ದ ಹೆಂಡತಿಗೆ ಸುದ್ದಿ ಮುಟ್ಟಿ, ಅವಳು ಮಕ್ಕಳನ್ನು ಕರೆದುಕೊಂಡು ಓಡಿಬಂದು, ಎಲ್ಲರೂ ಒಂದೇ ಚಾಪೆಯ ಮೇಲೆ ನಡುಗುತ್ತ ಮಲಗಬೇಕಾಗಬಹುದಿತ್ತು. ಸುದ್ದಿ ಮುಟ್ಟದೆ, ಒಳಗಿನಿಂದ ಅಗಳಿ ಹಾಕಿದ ಮನೆಯಲ್ಲಿ ನಾನೊಬ್ಬನೇ ಸತ್ತು ಊರಿಗೆ ತಡವಾಗಿ ಗೊತ್ತಾಗಬಹುದಿತ್ತು. ಈ ಕಡೆಯದಕ್ಕೆ ಹೆದರಿ ಅಗಳಿ ಹಾಕುವುದನ್ನು ಬಿಟ್ಟೆ. ಬಿಟ್ಟ ದಿನದಿಂದ ಕಳ್ಳರ ಹೆದರಿಕೆ ಶುರುವಾಯಿತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರ ಸಣ್ಣದು. ಅದನ್ನು ಕಡೆಯಲ್ಲಿ ಹೇಳುತ್ತೇನೆ. ಚಳಿಜ್ವರದಲ್ಲಿ ಒಬ್ಬರೇ ಮಲಗಿ, ಮಾಡಿನ ಹೆಂಚು ನೋಡುತ್ತಿರುವವರು ಯಾರಾದರೂ ಇದನ್ನು ಓದಿದರೆ, ಆ ಹೆಂಚುಗಳನ್ನು ನಾನೂ ನೋಡಿದ್ದೇನೆ ಎಂದು ತಿಳಿದರೆ ಸಾಕು.

ಹನಕೆರೆಗೆ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಸ್ಕೂಲು ಮೇಷ್ಟ್ರು. ನಾಲೆಯ ನೀರು ಬಂದ ಮೇಲೆ ನಮ್ಮ ಕಡೆ ಹೊಲವೆಲ್ಲ ಗದ್ದೆಯಾಯಿತು, ರಾಗಿ ಇದ್ದಲ್ಲಿ ಭತ್ತ, ಕಬ್ಬು ನಿಂತವು. ಅವುಗಳ ಹಿಂದೆಯೇ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ. ಸೊಳ್ಳೆಯಿಂದಲೇ ಜ್ವರ ಎಂದು ಸರ್ಕಾರದವರು ಬಂದು ಹೇಳಿಹೋದಾಗ ಊರವರು ನಕ್ಕರು. ನಾನು ನಗಲಿಲ್ಲ. ನನಗೆ ಯಾವ ಹೆದರಿಕೆಯನ್ನು ಯಾರು ಕೊಟ್ಟರೂ ಬೇಡ ಎನ್ನುವ ಅಭ್ಯಾಸವಿಲ್ಲ. ಜ್ವರ ನಮ್ಮ ಬೀದಿಗೆ ಕಾಲಿಡುವ ಮೊದಲೇ ಹೆಂಡತಿ ಶಾರದೆಯನ್ನೂ ಇಬ್ಬರು ಮಕ್ಕಳನ್ನೂ ಹಲಗೂರಿನ ಅವಳ ತವರಿಗೆ ಸಾಗಿಸಲು ಗಂಟುಮೂಟೆ ಕಟ್ಟಿದೆ.

"ಏನೂಂದ್ರೆ, ನಾವೆಲ್ಲ ಹೋದ್ಮೇಲೆ ನಿಮಗೇ ಜ್ವರ ಬಂದ್ರೆ ಗಂಜಿ ಕಾಯಿಸೋರು ಯಾರು?" ಎಂದಳು ಶಾರದೆ.

"ನನಗೆ ಬರಲ್ಲ ಕಣೆ. ನಾನು ಎಷ್ಟು ಜಾಗರೂಕ ಅಂತ ನಿನಗೇ ಗೊತ್ತಲ್ಲ."

"ಗೊತ್ತು. ಅದಕ್ಕೇ ಕೇಳಿದ್ದು," ಎಂದು ಅವಳು ಗಾಡಿ ಹತ್ತಿದಳು.

ಅವರು ಹೋದ ವಾರವೇ ನನಗೆ ಚಳಿ ಹಿಡಿಯಿತು. ದಿನ ಬಿಟ್ಟು ದಿನ, ಮಧ್ಯಾಹ್ನದ ರೈಲು ಕೂಗಿ ಹೋದ ಮೇಲೆ ಬರುತ್ತಿತ್ತು. ಮೊದಲು ಉಗುರು ನೀಲಿಯಾಗುವುದು, ಆಮೇಲೆ ಹಲ್ಲು ಕಟಕಟ, ಇದ್ದಬದ್ದ ಕಂಬಳಿ ಹೊದ್ದರೂ ನಿಲ್ಲದ ನಡುಕ. ಅದು ಮುಗಿಯಿತೆನ್ನುವಾಗ ಮೈ ಕಾವಲಿಯಾಗುತ್ತಿತ್ತು. ಕಡೆಗೆ ಬೆವರು ಹರಿದು, ಹಿಂಡಿದ ಬಟ್ಟೆಯಂತೆ ಬಿದ್ದುಕೊಳ್ಳುತ್ತಿದ್ದೆ. ಮಾರನೆಯ ದಿನ ಏನೂ ಇಲ್ಲ. ಆ ಏನೂ ಇಲ್ಲದ ದಿನವೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ನಾಳೆ ಬರುತ್ತದೆ ಎಂದು ಯೋಚಿಸಲು ಇಡೀ ದಿನ ಸಿಗುತ್ತಿತ್ತಲ್ಲ!

ನೆರೆಮನೆಯವಳು ಕೆಂಪಮ್ಮ, ಗೌಡರ ಮನೆಯ ಹೆಂಗಸು. ಆ ಮನೆಯ ಹಾಲು ನಮ್ಮ ಮನೆಗೆ ಬರಬಹುದು, ಎಳನೀರು ಬರಬಹುದು, ಅವರೆಕಾಯಿ ಬರಬಹುದು. ಬೆಂಕಿ ಕಂಡ ಪದಾರ್ಥ ಮಾತ್ರ ಬರುವಂತಿಲ್ಲ. ಇದು ಅವರಿಗೂ ಗೊತ್ತು, ನಮಗೂ ಗೊತ್ತು. ಯಾರೂ ಕೂತು ಕಲಿಸಿದ್ದಲ್ಲ. ಹೀಗಾಗಿ ಜ್ವರವಿಲ್ಲದ ದಿನ ನಾನೇ ಒಲೆಯೂದಿ, ತಲೆಸುತ್ತಿದಾಗ ಗೋಡೆ ಹಿಡಿದು ನಿಂತು, ಮಾರನೆಯ ದಿನಕ್ಕೂ ಆಗುವಷ್ಟು ಗಂಜಿ ಮಾಡಿಡುತ್ತಿದ್ದೆ. ಗೋಡೆಯಾಚೆ ಕೆಂಪಮ್ಮನ ಮನೆಯಲ್ಲಿ ಮುದ್ದೆ ತೊಳಸುವ ಸದ್ದು, ಸಾರಿನ ಒಗ್ಗರಣೆಯ ವಾಸನೆ. ಗೋಡೆ ಎದೆಯೆತ್ತರದ್ದು.

"ಮೇಷ್ಟ್ರೇ, ಬದ್ಕಿದ್ದೀರಾ?" ಎಂದು ಬೆಳಗ್ಗೆ ಗೋಡೆಯ ಮೇಲಿಂದ ಕೂಗುತ್ತಿದ್ದಳು.

"ಇದೀನಮ್ಮ."

"ಅಂಗಾದ್ರೆ ಆಲ್ ತಕ್ಕಳಿ. ಬದ್ಕಿರೋರ್ಗೆ ಮಾತ್ರ ನಾವು ಕೊಡಾದು."

ಸ್ಕೂಲು ಬಿಟ್ಟರೆ ದಿನದಲ್ಲಿ ನನ್ನ ಜೊತೆ ಆಗುತ್ತಿದ್ದ ಮಾತು ಅಷ್ಟೇ. ಸಂಜೆಯಾದರೆ ಸೊಳ್ಳೆ. ಕಿವಿಯ ಹತ್ತಿರ ಬಂದು ಕುಯ್ಯೆನ್ನುವುದು, ಹೋಗುವುದು, ಮತ್ತೆ ಬರುವುದು. ಆ ದಿನಗಳಲ್ಲಿ ನನ್ನ ಕಿವಿಗೆ ಅಷ್ಟು ಹತ್ತಿರ ಬಂದು ಮಾತಾಡಿದ ಪ್ರಾಣಿ ಬೇರೆ ಇರಲಿಲ್ಲ.

ಹಲಗೂರಿನ ಕಡೆ ಹೋಗುವವರು ಸಿಕ್ಕಿದರೆ, "ಎಲ್ಲಾ ಚೆನ್ನಾಗಿದೆ ಅಂತ ನಮ್ಮ ಮನೆಯವರಿಗೆ ಹೇಳಿ," ಎಂದು ಹೇಳಿಕಳಿಸುತ್ತಿದ್ದೆ. ಹೇಳುವಾಗ ಹಲ್ಲು ಕಟಕಟಿಸದಂತೆ ದವಡೆ ಬಿಗಿಹಿಡಿಯುತ್ತಿದ್ದೆ.

ಮದ್ದೂರಿನ ಪಂಡಿತರಿಗೆ ತೋರಿಸಿದೆ. ಅವರು ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಅವರು ನಿದ್ದೆ ಹೋದರೋ, ನನ್ನ ನಾಡಿ ನಿಂತೇಹೋಯಿತೋ ಎಂಬ ಎರಡು ಹೆದರಿಕೆಗಳ ನಡುವೆ ಕೂತಿದ್ದೆ. "ವಾತ ಕೆರಳಿದೆ," ಎಂದರು ಕಡೆಗೆ. "ಆಸ್ಪತ್ರೆಯ ಕಹಿ ಔಷಧಿ ಕುಡಿಯೋದಾದ್ರೆ ಬರಿಹೊಟ್ಟೇಲಿ ಬೇಡ. ಕಹಿ ಅನ್ನೋದು ವಾಯು, ಆಕಾಶ ಎರಡೂ ಕೂಡಿದ್ದು. ವಾತ ಇನ್ನೂ ಏರುತ್ತೆ. ತುಪ್ಪ ಹಾಕಿದ ಅನ್ನ ಉಂಡು ಕುಡೀರಿ." ನನ್ನ ತಲೆಯಲ್ಲಿ ಉಳಿದದ್ದು 'ಕಹಿಗೆ ವಾತ ಏರುತ್ತೆ' ಎಂಬುದೊಂದೇ. ತುಪ್ಪದನ್ನದ ಭಾಗ ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು.

ಮಂಡ್ಯದ ಆಸ್ಪತ್ರೆಗೆ ಹೋಗಿದ್ದು ಕೆಂಪಮ್ಮನ ಕಾಟ ತಾಳಲಾರದೆ. ಜಗಲಿಯ ಉದ್ದಕ್ಕೂ ಜನ. ಎಲ್ಲರ ಕೈಯಲ್ಲೂ ಮನೆಯಿಂದ ತಂದ ಒಂದೊಂದು ಬಾಟಲಿ. ಮಸಿಯ ಬಾಟಲಿ, ಕೂದಲೆಣ್ಣೆಯ ಬಾಟಲಿ, ಒಬ್ಬನ ಕೈಯಲ್ಲಿ ಬ್ರಾಂದಿಯದು. ಅವನು ಅದರ ಚೀಟಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ. ನಾನು ನನ್ನ ಬಾಟಲಿಯನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದು ತಂದಿದ್ದೆ. ತೊಳೆದದ್ದು ಸಾಲದೇನೋ ಎಂದು ಮೂಸಿ ನೋಡುತ್ತ ಕೂತಿದ್ದೆ.

ಡಾಕ್ಟರು ಮಲಗಿಸಿ ಪಕ್ಕೆಯ ಕೆಳಗೆ ಒತ್ತಿ ನೋಡಿ, "ಮೂರು ಬೆರಳು," ಎಂದು ಕಾಂಪೌಂಡರಿಗೆ ಕೂಗಿದರು. ಜ್ವರಕ್ಕೆ ಊದಿದ ಗುಲ್ಮವೇ ಈ ಗಡ್ಡೆ; ಅದನ್ನು ಬೆರಳಿನಲ್ಲಿ ಅಳೆಯುತ್ತಾರೆ, ಪಕ್ಕೆಲುಬಿನಿಂದ ಎಷ್ಟು ಕೆಳಗಿಳಿದಿದೆ ಎಂದು. ಕ್ವಿನೈನಿಗೆ ಕಿವಿ ಮಂದವಾಗುವುದಿಲ್ಲವೆ, ಎಷ್ಟು ಮಂದವಾಗುತ್ತದೆ, ಎರಡೂ ಕಿವಿಯೋ ಒಂದೋ ಎಂದು ಕಾಂಪೌಂಡರನ್ನು ಕೇಳುತ್ತ ನಿಂತೆ.

"ಮೇಷ್ಟ್ರೇ," ಎಂದರು ಅವರು, "ತಾವು ಪರೀಕ್ಷೆ ಮಾಡಿಸಿಕೊಳ್ಳೋಕೆ ಬಂದಿರೋ, ಮಾಡೋಕೆ ಬಂದಿರೋ? ಹಿಂದೆ ಜನ ನಿಂತವ್ರೆ, ನಡೀರಿ."

ಬಾಟಲಿ ಹಿಡಿದು ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತೆ. ಎಡಗೈ ತಾನಾಗಿ ಎಡಪಕ್ಕೆಗೆ ಹೋಯಿತು. ಪಕ್ಕದಲ್ಲಿದ್ದವರ ಕೈಯೂ ಅವರ ಎಡಪಕ್ಕೆಯ ಮೇಲಿತ್ತು. ತಲೆಯೆತ್ತಿ ನೋಡಿದರೆ ಹಲ್ಲಿನ ಲಿಯೂ.

ಮಂಡ್ಯಕ್ಕೆ ಬಂದುಹೋಗುವವರಿಗೆಲ್ಲ ಅವರು ಗೊತ್ತು. ಚೀನಾ ದೇಶದವರು. ಪೇಟೆಯ ಬೀದಿಯಲ್ಲಿ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಹಲ್ಲು ಕಟ್ಟುತ್ತಿದ್ದರು. ಬಾಗಿಲಿಗೆ ತೂಗುಹಾಕಿದ್ದ ಹಲಗೆಯ ಮೇಲೆ ದೊಡ್ಡ ಹಲ್ಲುಗಳು ತಾವಾಗಿಯೇ ನಗುತ್ತಿದ್ದವು. ಸಂತೆಗೆ ಬಂದ ಮಕ್ಕಳು ಅದನ್ನು ಕಂಡು ಅಳುತ್ತಿದ್ದವು. ಕನ್ನಡವನ್ನು ರೋಗಿಗಳ ಬಾಯಿಂದಲೇ ಕಲಿತವರು. ಬಾಯಿ ತೆರೆದುಕೊಂಡಿರುವವರು ಆಡುವ ಕನ್ನಡ ಎಷ್ಟಿರುತ್ತದೋ ಅಷ್ಟು.

ಅವರು ನನ್ನ ಪಕ್ಕೆ ತೋರಿಸಿ, "ಎಷ್ಟು?" ಎಂದರು.

"ಮೂರು ಬೆರಳು."

"ನಂದು ನಾಲ್ಕು," ಎಂದರು. ಅದರಲ್ಲಿ ಒಂದಿಷ್ಟು ಹೆಮ್ಮೆಯಿತ್ತು ಎಂದೇ ನನಗೆ ಈಗಲೂ ಅನುಮಾನ.

ಆಮೇಲೆ ನನ್ನ ಮುಖ ನೋಡಿದರು. "ಹಳದಿ. ಚಿಂತೆ ಜಾಸ್ತಿ ಮಾಡ್ತೀರಿ ನೀವು."

"ಯಾರು ಹೇಳಿದ್ದು?"

"ಇದು," ಎಂದು ಮತ್ತೆ ಪಕ್ಕೆಯ ಕಡೆಗೇ ಬೆರಳು. "ಇದು ಮಣ್ಣು. ಚಿಂತೆ ಇರೋ ಮನೆ ಇದೇ. ಚಿಂತೆ ಜಾಸ್ತಿ ಆದ್ರೆ ಮಣ್ಣು ಕೆಡ್ತದೆ. ಮಣ್ಣು ಕೆಟ್ರೆ ಚಿಂತೆ ಜಾಸ್ತಿ."

ಐವತ್ತು ಹತ್ತಿರವಾಗುತ್ತಿದ್ದರೂ ನನ್ನ ಈ ಚಾಳಿಗೆ ದೇಹದಲ್ಲಿ ಒಂದು ಸ್ವಂತ ಮನೆಯಿದೆ ಎಂದು ಯಾರೂ ಹೇಳಿರಲಿಲ್ಲ. ಶಾರದೆ ಅದನ್ನು ನನ್ನ ಅಪ್ಪನ ಕಡೆಯವರ ಬಳುವಳಿ ಎಂದಷ್ಟೇ ತಿಳಿದಿದ್ದಳು.

ಲಿಯೂ ಛತ್ರಿಯ ತುದಿಯಿಂದ ಜಗಲಿಯ ಕೆಳಗಿನ ಧೂಳಿನಲ್ಲಿ ಐದು ಸೊನ್ನೆ ಬರೆದರು, ಬಳೆಯಂತೆ ಸುತ್ತಲೂ. ಅವರ ಅಜ್ಜ ನಾಡಿ ನೋಡುತ್ತಿದ್ದರಂತೆ. ಇವರು ಅದು ಬೇಡವೆಂದು ಹಲ್ಲಿಗೆ ಬಂದವರು. "ಅರ್ಧ ಗೊತ್ತು, ಅರ್ಧ ಮರೆತೆ," ಎಂದು ಮೊದಲೇ ಹೇಳಿಬಿಟ್ಟರು. "ಮರ. ಮರ ಉರಿದ್ರೆ ಬೆಂಕಿ. ಬೆಂಕಿ ಆರಿದ್ರೆ ಬೂದಿ, ಬೂದಿ ಮಣ್ಣು. ಮಣ್ಣಿನ ಹೊಟ್ಟೇಲಿ ಲೋಹ. ಲೋಹದ ಮೇಲೆ ಬೆಳಗ್ಗೆ ನೀರು. ನೀರು ಕುಡಿದು ಮತ್ತೆ ಮರ. ತಾಯಿ, ಮಗು. ತಾಯಿ, ಮಗು. ಹಂಗೇ ಸುತ್ತ. ಮೈಯೊಳಗೂ ಇದೇ ಐದು, ಒಂದೊಂದಕ್ಕೂ ಒಂದು ರುಚಿ."

ಪಂಚಭೂತ ಎಂದರೆ ನಾನು ಬಾಯಿಪಾಠ ಮಾಡಿಸುವವನು. ಸುಮ್ಮನಿರಲಾಗಲಿಲ್ಲ. "ತಪ್ಪಿದಿರಿ. ಗಾಳಿ ಎಲ್ಲಿ?"

"ಗಾಳಿ ಮರದ್ದು."

"ಆಕಾಶ?"

ಅವರು ಮೇಲೆ ನೋಡಿದರು. "ಆಕಾಶ ನಮ್ಮ ಅಜ್ಜ ಇಟ್ಟಿಲ್ಲ."

ಪಂಡಿತರ ಲೆಕ್ಕದಲ್ಲಿ ನನ್ನ ರೋಗವೆಲ್ಲ ವಾಯು. ವಾಯುವಿಗೆ ಬೇರೆ ಸೊನ್ನೆಯೇ ಇಲ್ಲದ ಈ ಐದರಲ್ಲಿ ನಾನು ಎಲ್ಲಿ ನಡುಗಬೇಕು? ಆದರೂ ಮಣ್ಣಿನ ವಿಷಯ ಮನಸ್ಸಿಗೆ ಹಿಡಿದಿತ್ತು. "ಮಣ್ಣಿಗೆ ಯಾವ ರುಚಿ?" ಎಂದೆ.

"ಸಿಹಿ," ಎಂದರು. ಅಷ್ಟರಲ್ಲಿ ಕಾಂಪೌಂಡರು ಅವರನ್ನು ಕರೆದರು. ಅವರು ಬಾಟಲಿ ಹಿಡಿದು ಒಳಗೆ ಹೋದರು. ನನಗೆ ರೈಲಿಗೆ ಹೊತ್ತಾಗಿತ್ತು.

ಕ್ವಿನೈನು ಕುಡಿಯಲು ಶುರುಮಾಡಿದ ಮೇಲೆ ಕಿವಿಯಲ್ಲಿ ಗಾಣ ತಿರುಗಿದಂತೆ ಗುಂಯ್ ಎನ್ನತೊಡಗಿತು. ಆಗ ನನ್ನ ತಲೆ ಓಡಿತು. ಪಂಡಿತರ ಪ್ರಕಾರ ಕಹಿಗೆ ವಾತ ಏರುತ್ತದೆ. ಏರಿದೆ, ಕಿವಿಯೇ ಹೇಳುತ್ತಿದೆ. ಲಿಯೂ ಪ್ರಕಾರ ಕೆಟ್ಟಿರುವುದು ಮಣ್ಣು, ಮಣ್ಣಿನ ರುಚಿ ಸಿಹಿ. ಅಂದಮೇಲೆ ಕಹಿ ಬಿಟ್ಟು ಸಿಹಿ ತಿನ್ನಬೇಕು! ಎರಡು ಶಾಸ್ತ್ರಗಳ ಅರ್ಧರ್ಧ ಮಾತು ಕೂಡಿಸಿ ನಾನೊಂದು ಪೂರ್ತಿ ಚಿಕಿತ್ಸೆ ಕಂಡುಹಿಡಿದೆ. ಅದಕ್ಕೆ ತಕ್ಕಂತೆ ಕೆಂಪಮ್ಮನ ಮನೆಯವರ ಆಲೆಮನೆ ಆಗ ನಡೆಯುತ್ತಿತ್ತು. ಬೆಲ್ಲವೂ ಬೆಂಕಿ ಕಂಡದ್ದೇ, ಆದರೆ ಅದಕ್ಕೆ ನಮ್ಮಲ್ಲಿ ಮಾಫಿಯಿದೆ. ಏಕೆಂದು ಕೇಳಬೇಡಿ, ಬೆಲ್ಲವಿಲ್ಲದೆ ನಮ್ಮ ಹಬ್ಬಗಳು ನಡೆಯುವುದಿಲ್ಲ. ಬಾಟಲಿಯನ್ನು ಗೂಡಿನಲ್ಲಿಟ್ಟು ದಿನವೂ ಬಿಸಿಬೆಲ್ಲ ತಿಂದು ಬರತೊಡಗಿದೆ.

"ಏನ್ ಮೇಷ್ಟ್ರು ದಿನಾ ಬತ್ತಾವ್ರೆ," ಎಂದ ಕೆಂಪಮ್ಮನ ಗಂಡ ಬೋರೇಗೌಡ, ಹೆಂಡತಿಯ ಕಡೆ ತಿರುಗಿ. "ಬೆಲ್ಲಕ್ಕೋ, ಒಲೆ ಕಾಯ್ಸಕ್ಕೋ?"

"ಔಸ್ದಿಗಂತೆ ಕಣ್ ಸುಮ್ಕಿರು. ಓದ್ದೋರು. ನಮ್ಗೇನ್ ಗೊತ್ತಾದದು."

ನಾಲ್ಕೈದು ದಿನ ಕಿವಿ ತಣ್ಣಗಾಯಿತು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಆಲೆಮನೆಯಲ್ಲೇ, ಕೈಯಲ್ಲಿ ಬೆಲ್ಲದ ಉಂಡೆ ಇರುವಾಗಲೇ, ಹಿಂದೆಂದೂ ಕಾಣದಂಥ ಚಳಿ ಬಂತು. ಕಾಲು ಮಡಿಚಿಹೋಯಿತು. ಬೋರೇಗೌಡ ನನ್ನನ್ನು ಎತ್ತಿ ಒಲೆಯ ಮಗ್ಗುಲಿಗೆ ಮಲಗಿಸಿ ಮೈಮೇಲೆ ಒಣಗಿದ ಕಬ್ಬಿನ ಸಿಪ್ಪೆ ಒಟ್ಟಿದ. ಅಲ್ಲಿ ಬಿದ್ದುಕೊಂಡು ನೋಡಿದರೆ ಐದೂ ಕಣ್ಣೆದುರಿಗಿದ್ದವು. ಒಲೆಗೆ ಹಾಕುತ್ತಿದ್ದ ಸಿಪ್ಪೆ ಮರ. ಬೆಂಕಿ ಬೆಂಕಿಯೇ. ಒಲೆಗೆ ಮೆತ್ತಿದ್ದು ಮಣ್ಣು. ಅದರ ಮೇಲೆ ಕೊಪ್ಪರಿಗೆ, ಲೋಹ. ಅದರೊಳಗೆ ಕುದಿಯುವ ಕಬ್ಬಿನ ಹಾಲು, ನೀರು. ಎಲ್ಲ ಸರಿಯಾಗಿವೆ, ಒಂದಕ್ಕೊಂದು ಕೆಲಸ ಕೊಡುತ್ತಿವೆ, ನಾನೊಬ್ಬನೇ ಹೊರಗೆ ಉಳಿದಿದ್ದೇನೆ ಎನಿಸಿ ಅಳು ಬಂತು. "ಗಾಳಿ ಎಲ್ಲಿ? ಗಾಳಿ ಬಿಟ್ಟುಹೋಗಿದೆ," ಎಂದು ಕೂಗಿದೆನಂತೆ. ಯಾರೋ ಪಾಪ ಗಾಳಿಗೆಂದು ಸೋಗೆಯ ತಟ್ಟಿ ಸರಿಸಿದರಂತೆ. ಅದರಿಂದ ಚಳಿ ಇನ್ನೂ ಹೆಚ್ಚಾಯಿತು.

ಬಿಸಿ ಇಳಿದು ಕಣ್ಣುಬಿಟ್ಟಾಗ ಕೆಂಪಮ್ಮ ಎದುರಿಗೆ ಕೂತಿದ್ದಳು. ಕೈಯಲ್ಲಿ ಒಂದು ಲೋಟ, ರಾಗಿ ಗಂಜಿ. ಹೊಗೆಯಾಡುತ್ತಿತ್ತು.

"ಕುಡೀರಿ."

ನಾನು ಕೈ ಚಾಚಲಿಲ್ಲ. ಏಕೆಂದು ಅವಳಿಗೂ ಗೊತ್ತಿತ್ತು.

"ನೀವು ಸತ್ರೆ ಅಮ್ಮಾರ್ಗೆ ನಾನೇನಂತ ಏಳ್ಲಿ? ಮಡಿಯಾಗೇ ಸತ್ರು ಕಣಮ್ಮ, ಏನೂ ಮೈಲ್ಗೆ ಆಗ್ನಿಲ್ಲ, ಅಂತ ಏಳ್ಲಾ?"

ಕುಡಿದೆ. ಉಪ್ಪು ಸ್ವಲ್ಪ ಮುಂದಾಗಿತ್ತು. ತಿಂಗಳಾಚೆಗೆ ಇನ್ನೊಬ್ಬರು ಕಾಯಿಸಿಕೊಟ್ಟ ಮೊದಲ ಬಿಸಿ ಅದು. ಲೋಟ ಖಾಲಿಯಾದ ಮೇಲೂ ಅದನ್ನು ಹಿಡಿದುಕೊಂಡೇ ಇದ್ದೆ. ಕೆಂಪಮ್ಮ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡು ಗಂಡನ ಕಡೆ ತಿರುಗಿದಳು. "ನಿಂತ್ಕಂಡ್ ಏನ್ ನೋಡೀಯೆ? ನಾಳೀಕೆ ಗಾಡಿ ಕಟ್ಟು. ಟೇಸನ್ಗೆ ಬುಟ್ಟು ಬಾ."

ಮಾರನೆಯ ದಿನ ಆಸ್ಪತ್ರೆಯ ಜಗಲಿಯಲ್ಲಿ ಲಿಯೂ ಅದೇ ಬೆಂಚಿನ ಮೇಲಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಕೋಪ ಬಂತು.

"ಬೆಲ್ಲ?"

"ನೀವೇ ಹೇಳಿದ್ದಲ್ಲವೆ, ಸಿಹಿ ಅಂತ."

"ನಾನು ರುಚಿ ಹೇಳ್ದೆ! ಔಷಧಿ ಹೇಳ್ದೆನಾ? ಐದು ಇರೋದು ನೋಡೋದಕ್ಕೆ ಮೇಷ್ಟ್ರೇ. ತಿನ್ನೋದಕ್ಕಲ್ಲ." ಛತ್ರಿಯ ತುದಿ ಮತ್ತೆ ಧೂಳಿಗಿಳಿಯಿತು. ಒಂದೇ ಸೊನ್ನೆ ಬರೆದು ಅದನ್ನು ಕುಟ್ಟಿದರು. "ಕಹಿ ಯಾರ ರುಚಿ? ಬೆಂಕಿ. ಬೆಂಕಿ ಯಾರು? ಮಣ್ಣಿಗೆ ತಾಯಿ. ತಾಯಿ ಕಹಿ ಕುಡಿಸ್ತಾಳೆ. ಮಗು ಕುಡೀಬೇಕು."

"ಕಿವಿ ಹೋದರೆ?"

ಅವರು ಛತ್ರಿಯ ತುದಿಯನ್ನು ಸೊನ್ನೆಯ ಸುತ್ತ ಇನ್ನೊಮ್ಮೆ ಎಳೆದರು. ಸುಳ್ಳು ಹೇಳಬೇಕೋ ಬೇಡವೋ ಎಂದು ಯೋಚಿಸಿದರೋ, ಮರೆತ ಅರ್ಧವನ್ನು ಹುಡುಕಿದರೋ. "ಕಿವಿ ನೀರಿಂದು. ಹಲ್ಲೂ ನೀರಿಂದು. ಮಣ್ಣು ಗಟ್ಟಿ ಆದ್ರೆ ನೀರಿಗೆ ಅಡ್ಡ. ನಿಮ್ಮ ನಾಲೆ ಏರಿ ನೋಡಿಲ್ವಾ? ಕಿವಿ ಸ್ವಲ್ಪ ಹೋಗ್ತದೆ."

"ಎಷ್ಟು?"

"ಸ್ವಲ್ಪ," ಎಂದು ತಮ್ಮ ಬಾಟಲಿಯ ಬಿರಡೆ ತೆಗೆದು, ಬಾಟಲಿಗೆ ಅಂಟಿಸಿದ ಕಾಗದದ ಗುರುತಿನವರೆಗೆ ಒಂದೇ ಉಸಿರಿಗೆ ಕುಡಿದರು. ಮುಖ ಹಿಂಡಿದ ಹುಣಿಸೆಯಂತಾಯಿತು. ಆಮೇಲೆ ನನ್ನ ಬಾಟಲಿಯ ಕಡೆ ನೋಡಿದರು. ನಾನೂ ಕುಡಿದೆ. ಎದುರಿಗೆ ಕೂತಿದ್ದ ಬ್ರಾಂದಿ ಬಾಟಲಿಯವನು ನಮ್ಮಿಬ್ಬರ ಮುಖ ನೋಡಿ ಗಟ್ಟಿಯಾಗಿ ನಕ್ಕ.

ಡಾಕ್ಟರಿಗೆ ಈ ತಾಯಿ-ಮಗುವಿನ ಕಥೆ ಬೇಕಿರಲಿಲ್ಲ. ಕ್ವಿನೈನು ರಕ್ತದಲ್ಲಿನ ಹುಳವನ್ನು ಕೊಲ್ಲುತ್ತದೆ, ಮುಗಿಯಿತು. ಅದೇ ಸರಿಯಿರಬೇಕು. ಆದರೆ ಡಾಕ್ಟರು ನನ್ನ ಎದುರಿಗೆ ಕೂತು ಕುಡಿಯಲಿಲ್ಲ. ಅಂದಿನಿಂದ ನಾನು ಊಟವಾದ ಮೇಲೆ, ತುಪ್ಪದನ್ನವನ್ನೂ ಬಿಡದೆ, ತಪ್ಪದೆ ಕುಡಿದೆ. ಮಣ್ಣು, ಬೆಂಕಿ, ವಾಯು, ಹುಳ, ಯಾರಿಗೆ ಬೇಕಾದರೂ ಸಲ್ಲಲಿ ಎಂದು ಕುಡಿದೆ. ಔಷಧಿಯ ದಿನ ಬಂದಾಗ ಆ ಬೆಂಚಿನ ಮೇಲೆ ಇಬ್ಬರೂ ಒಟ್ಟಿಗೆ ಬಿರಡೆ ತೆಗೆಯುತ್ತಿದ್ದೆವು.

ಲಿಯೂ ಅವರ ಹೆಂಡತಿ ಮತ್ತು ಮಗಳು ಚೀನಾದ ಊರಿನಲ್ಲಿದ್ದರು, ಒಂದು ದೊಡ್ಡ ನದಿಯ ದಡದಲ್ಲಿ. ಅಲ್ಲಿ ಯುದ್ಧ ನಡೆಯುತ್ತಿತ್ತು. ಸುದ್ದಿ ಬರುವುದು ನಿಂತಿತ್ತು. ಅದನ್ನು ಹೇಳಿದ ದಿನ ಅವರು ಎಡಪಕ್ಕೆ ತಟ್ಟಿಕೊಂಡು "ಮಣ್ಣು," ಎಂದರು. ನನ್ನ ಹೆಂಡತಿ ಮಕ್ಕಳು ಒಂದು ದಿನದ ದಾರಿಯಲ್ಲಿ ಹಲಗೂರಿನಲ್ಲಿ ಸುಖವಾಗಿದ್ದರು, ನಾನೇ ಕಳಿಸಿದ್ದೆ. ನಾಚಿಕೆಯಾಗಿ ನಾನು ಪಕ್ಕೆಯಿಂದ ಕೈ ತೆಗೆದೆ.

ಮುಂದೊಂದು ಸಲ ಹೋದಾಗ ಬೆಂಚಿನಲ್ಲಿ ಅವರಿರಲಿಲ್ಲ. ಪೇಟೆಯ ಬೀದಿಗೆ ಹೋಗಿ ನೋಡಿದರೆ ನಗುವ ಹಲ್ಲಿನ ಹಲಗೆಯೂ ಇರಲಿಲ್ಲ, ಮೊಳೆಯೊಂದೇ ಇತ್ತು. "ಕಲ್ಕತ್ತಾಗೆ ಓದ್ರು. ಅಲ್ಲಿ ಅವ್ರ ಜನ ಅವ್ರೆ ಅಂತೆ," ಎಂದ ಕೆಳಗಿನ ಅಂಗಡಿಯವನು. ಆಸ್ಪತ್ರೆಗೆ ವಾಪಸು ಬಂದೆ. ಡಾಕ್ಟರು ಪಕ್ಕೆ ಒತ್ತಿ, "ಒಂದೇ ಬೆರಳು," ಎಂದರು. ನಾನು ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತೆ. ಅಲ್ಲಿದ್ದ ಯಾರೂ ಎಷ್ಟು ಎಂದು ಕೇಳಲಿಲ್ಲ. ರೈಲಿನ ಹೊತ್ತಾಗುವವರೆಗೂ ಕೂತಿದ್ದೆ.

ಶಾರದೆ ಬಂದದ್ದು ಆಮೇಲೆ, ಯಾರೂ ಕರೆಯದೆ. ಮಕ್ಕಳನ್ನು ತವರಿನಲ್ಲೇ ಬಿಟ್ಟು ಒಬ್ಬಳೇ ಬಂದಿದ್ದಳು. ಬಾಗಿಲಲ್ಲಿ ನಿಂತು ನನ್ನ ಮೂಳೆಗಳನ್ನು ಎಣಿಸುವವಳಂತೆ ನೋಡಿದಳು.

"ನಾನು ಚೆನ್ನಾಗಿದೀನಿ ಅಂತ ಹೇಳಿಕಳಿಸ್ತಿದ್ದೆನಲ್ಲ," ಎಂದೆ.

"ಅದಕ್ಕೇ ಬಂದೆ. ಮದುವೆಯಾದಾಗಿಂದ ನೀವು ಒಂದು ದಿನ 'ಎಲ್ಲಾ ಚೆನ್ನಾಗಿದೆ' ಅಂದಿದ್ದುಂಟಾ? ಯಾರೋ ಬಂದು ಹಾಗೆ ಹೇಳಿದ್ರು. ಕೇಳಿದವಳೇ ಗಂಟು ಕಟ್ಟಿದೆ."

ಕೆಂಪಮ್ಮ ಗೋಡೆಯ ಮೇಲಿಂದ ಎಲ್ಲವನ್ನೂ ಹೇಳಿದಳು, ಗಂಜಿಯನ್ನೂ ಬಿಡಲಿಲ್ಲ. ಶಾರದೆ ಒಳಗೆ ಹೋಗಿ ತವರಿನಿಂದ ತಂದಿದ್ದ ಚಕ್ಕುಲಿಯನ್ನು ಗೋಡೆಯಾಚೆಗೆ ಕೊಟ್ಟಳು. ನಮ್ಮ ಕಡೆಯಿಂದ ಅತ್ತ ಯಾವಾಗಲೂ ಹೋಗಬಹುದಿತ್ತು. ಕೆಂಪಮ್ಮ ತೆಗೆದುಕೊಂಡಳು. ಮಾರನೆಯ ಬೆಳಗ್ಗೆ ಹಾಲಿನ ಜೊತೆ ಒಂದು ಮುಚ್ಚಿದ ತಟ್ಟೆಯೂ ಗೋಡೆಯ ಮೇಲೆ ಬಂದು ಕೂತಿತು. ಶಾರದೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಜಗಲಿಯಲ್ಲಿ ಕೂತಿದ್ದೆವು. "ಏನೂಂದ್ರೆ, ಸೊಳ್ಳೆ ಅಷ್ಟು ಕೂಗ್ತಾ ಇದೆ, ಓಡಿಸಬಾರದೆ?"

"ಎಲ್ಲಿ?"

"ನಿಮ್ಮ ಕಿವಿ ಹತ್ರಾನೇ. ಎಡಗಡೆ."

ನಾನು ಕಿವಿಗೊಟ್ಟೆ. ನಾಲೆಯ ಕಡೆಯಿಂದ ಕಪ್ಪೆಗಳ ಸದ್ದು, ಬೋರೇಗೌಡನ ಎತ್ತಿನ ಗಂಟೆ, ಶಾರದೆಯ ಮಾತು. ಎಲ್ಲ ಇದ್ದವು. ಅವಳು ಫಟ್ಟನೆ ನನ್ನ ಕೆನ್ನೆಗೆ ಬಡಿದು ಅಂಗೈ ತೋರಿಸಿದಳು. ಚುಕ್ಕೆಯಷ್ಟು ರಕ್ತ, ನನ್ನದೇ.

ಆಮೇಲಿನಿಂದ ಸಂಜೆಹೊತ್ತು ಅವಳು ನನ್ನ ಎಡಕ್ಕೇ ಕೂರುತ್ತಾಳೆ. ಲಿಯೂ ಅವರದು ನಾಲ್ಕು ಬೆರಳು, ನನಗಿಂತ ಹೆಚ್ಚು ಕ್ವಿನೈನು ಕುಡಿದಿರಬೇಕು; ಕಲ್ಕತ್ತೆಯಲ್ಲಿ ಅವರ ಎಡಕ್ಕೆ ಯಾರು ಕೂರುತ್ತಾರೋ ಎಂದು 'ಮಣ್ಣು' ಒಮ್ಮೊಮ್ಮೆ ಕದಲುತ್ತದೆ. ನನಗೆ ಆದದ್ದು ಇಷ್ಟೆ: ಎಡಗಿವಿಗೆ ಸೊಳ್ಳೆ ಬರುವ ಸದ್ದು ಕೇಳಿಸುವುದಿಲ್ಲ.